ಯಾರು ಹೇಳಿದ್ರು ಸಾಹೇಬ್ರ?

(ಕಲಬುರಗಿಯಲ್ಲಿ ಯುವ ವಕೀಲರ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ಶರಣು ಶರಣಾರ್ಥಿ.

ಇವತ್ತು ನನಗೆ ಕೊಟ್ಟಿರುವ ವಿಷಯ "ಗುಪ್ತಚರ ಕೆಲಸದಿಂದ ವಕೀಲಿಗೆ, ವಕೀಲಿಯಿಂದ ಚುನಾವಣೆಗೆ". ಕೇಳೋಕೆ ಸಿನಿಮಾ ಥರ ಇದೆ, ಅಲ್ವಾ? ಹಿಂದಿನ ಸಾಲಿನಲ್ಲಿ ಕೆಲವರು ರೋಚಕ ಕಥೆ ಕೇಳಲು ಬಂದಿದ್ದೀರಿ ಅಂತ ಮುಖ ನೋಡಿದರೇ ಗೊತ್ತಾಗುತ್ತದೆ. ಅವರು ಹೊರಗೆ ಹೋಗಿ ಚಹಾ ಕುಡಿದರೂ ನನಗೆ ಬೇಸರವಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಪಿಂಚಣಿ ನಿಯಮ ಬದಲಿಸಿತು. ಗುಪ್ತಚರ ಸಂಸ್ಥೆಗಳಿಂದ ನಿವೃತ್ತರಾದವರು ಆ ಕೆಲಸದ ವಿಷಯವನ್ನು ಅನುಮತಿ ಇಲ್ಲದೆ ಪ್ರಕಟಿಸಿದರೆ ಪಿಂಚಣಿಗೇ ಕುತ್ತು. ನನ್ನ ಪಿಂಚಣಿ ಸಣ್ಣದು. ಆದರೆ ಮನೆಯಲ್ಲಿ ನನಗಿಂತ ಅದಕ್ಕೆ ಮರ್ಯಾದೆ ಜಾಸ್ತಿ.

ಹಾಗಾಗಿ ಕಥೆ ಬಿಡೋಣ. ಒಂದು ಪ್ರಶ್ನೆಯ ಬಗ್ಗೆ ಮಾತಾಡೋಣ. "ಯಾರು ಹೇಳಿದ್ರು?" ನಾನು ಮಾಡಿದ ಮೂರೂ ಕೆಲಸಗಳಲ್ಲಿ ಈ ಪ್ರಶ್ನೆ ಇತ್ತು. ಮೂರರಲ್ಲೂ ಬೇರೆ ಬೇರೆ ಥರ ಕಾಡಿತು.

ನಮ್ಮ ಸೀಮೆಯಿಂದಲೇ ಶುರು ಮಾಡುತ್ತೇನೆ. ಸುರಪುರದ ಟೇಲರ್ ಮಂಜಿಲ್ ನೋಡಿದವರು ಇಲ್ಲಿ ಬಹಳ ಜನ ಇದ್ದೀರಿ. ಮೆಡೋಸ್ ಟೇಲರ್ ಅನ್ನುವ ಬ್ರಿಟಿಷ್ ಅಧಿಕಾರಿ 1841ರಲ್ಲಿ ಸುರಪುರದ ಆಡಳಿತ ನೋಡಿಕೊಳ್ಳಲು ಬಂದ. ಅದಕ್ಕೂ ಮುಂಚೆ ನಿಜಾಮರ ಸೀಮೆಯಲ್ಲಿ ಥಗ್ಗರ ಬೆನ್ನು ಹತ್ತಿದ್ದವನು. ದಾರಿಹೋಕರ ಜೊತೆ ಸ್ನೇಹ ಬೆಳೆಸಿ, ಕೊನೆಗೆ ರುಮಾಲು ಬಿಗಿದು ಕೊಲ್ಲುವ ಗುಂಪುಗಳಿಗೆ ಥಗ್ಗರು ಅನ್ನುತ್ತಿದ್ದರು. ಅವರನ್ನು ಹಿಡಿಯಲು ಬಳಸಿದ ದೊಡ್ಡ ಹತಾರ ಬಂದೂಕಲ್ಲ, ಮಾಫಿ ಸಾಕ್ಷಿ. ಒಬ್ಬನ ಜೀವ ಉಳಿಸಿ ಅವನ ಬಾಯಿಂದ ಹತ್ತು ಜನರ ಹೆಸರು ಹೊರಡಿಸುವುದು. 1836ರ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಇಂಥ ಕೊಲೆ ಮಾಡಿದ ಅಂತ ಸಾಬೀತಾಗಬೇಕಿಲ್ಲ, ಥಗ್ಗರ ಗುಂಪಿಗೆ ಸೇರಿದವನು ಅಂತಾದರೆ ಸಾಕು, ಜೀವಾವಧಿ. ವಕೀಲರಾದ ನೀವು ಇದನ್ನು ಸ್ವಲ್ಪ ಯೋಚಿಸಿ. ಕೇಂದ್ರದ ಗುಪ್ತಚರ ಸಂಸ್ಥೆಯಾದ ಇವತ್ತಿನ ಇಂಟೆಲಿಜೆನ್ಸ್ ಬ್ಯೂರೋದ ಮೊದಲ ರೂಪ 1887ರಲ್ಲಿ ಹುಟ್ಟಿದ್ದು ಇದೇ ಥಗ್ಗಿ ಮತ್ತು ಡಕಾಯಿತಿ ಇಲಾಖೆಯ ಮಗ್ಗುಲಲ್ಲಿ.

ಅದೇ ಟೇಲರ್ ಬರೆದಿಟ್ಟ ಇನ್ನೊಂದು ಸಂಗತಿ ನನಗೆ ಅದಕ್ಕಿಂತ ದೊಡ್ಡದು. ಸುರಪುರದ ರಾಜಾ ವೆಂಕಟಪ್ಪ ನಾಯಕನನ್ನು ಅವನು ಬಾಲಕನಾಗಿದ್ದಾಗಿಂದ ನೋಡಿದ್ದ. ಹುಡುಗ ಅವನನ್ನು "ಅಪ್ಪಾ" ಅಂತ ಕರೆಯುತ್ತಿದ್ದ. 1858ರಲ್ಲಿ ಬ್ರಿಟಿಷರ ವಿರುದ್ಧದ ಬಂಡಾಯ ಸೋತು ರಾಜ ಸೆರೆಯಾದಾಗ ಟೇಲರ್ ಹೋಗಿ ಕಂಡ. ನಿನ್ನ ಹಿಂದೆ ಯಾರ್ಯಾರಿದ್ದರು ಹೇಳು, ನಿನಗೆ ಅನುಕೂಲವಾಗುತ್ತದೆ ಅಂತ ಕೇಳಿದ. ಪ್ರೀತಿಯ ಅಪ್ಪನೇ ಕೇಳಿದರೂ ಆ ತರುಣ ಒಂದು ಹೆಸರು ಹೇಳಲಿಲ್ಲ. ಕೆಲಸದಲ್ಲಿದ್ದಾಗ ನಾನು ಈ ಪ್ರಸಂಗವನ್ನು ಟೇಲರನ ಕುರ್ಚಿಯಲ್ಲಿ ಕೂತು ಓದಿದ್ದೆ. ಕರಿಕೋಟು ಹಾಕಿದ ಮೇಲೆ ರಾಜನ ಕಡೆ ನಿಂತು ಓದಿದೆ. ಪುಟ ಅದೇ, ಕಂಡದ್ದು ಬೇರೆ.

ಸರಿ, ಮೊದಲ ಕೆಲಸದ ವಿಷಯಕ್ಕೆ ಬರುತ್ತೇನೆ. ಬಹಳ ಜನ ತಿಳಿದಂತೆ ಅಲ್ಲಿ ಬಂಧಿಸುವ ಅಧಿಕಾರವೇನೂ ಇಲ್ಲ. ಬಾತ್ಮಿ ತರಬೇಕು, ಬರೆಯಬೇಕು, ಮೇಲೆ ಕಳಿಸಬೇಕು. ಅಷ್ಟೇ. ಬಾತ್ಮಿ ಕೊಟ್ಟವನ ಹೆಸರು ನಿಮ್ಮ ಎದೆಯಲ್ಲೇ ಇರಬೇಕು. "ಯಾರು ಹೇಳಿದ್ರು" ಅಂತ ಕೇಳುವುದೇ ಅಲ್ಲಿ ಅಸಭ್ಯ. ಇದು ತಪ್ಪಲ್ಲ. ಹೆಸರು ಹೊರಬಿದ್ದರೆ ಒಬ್ಬ ಮನುಷ್ಯನ ಜೀವ ಹೋಗಬಹುದು. ಹಳೆಯ ಸಾಕ್ಷ್ಯ ಕಾಯ್ದೆಯ 125ನೇ ಕಲಮು ಕೂಡ ಇದನ್ನೇ ಹೇಳುತ್ತಿತ್ತು: ಅಪರಾಧದ ಮಾಹಿತಿ ಎಲ್ಲಿಂದ ಬಂತು ಅಂತ ಹೇಳುವಂತೆ ಪೊಲೀಸರನ್ನು ಒತ್ತಾಯಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲೂ ಅದು ಉಳಿದಿದೆ.

ತೊಂದರೆ ಇರುವುದು ಬೇರೆ ಕಡೆ. ಗುಪ್ತಚರ ನೌಕರರು ಸಂಘ ಕಟ್ಟಬಾರದು, ಪತ್ರಿಕೆಗೆ ಮಾತಾಡಬಾರದು ಅನ್ನಲು 1985ರ ಕಾಯ್ದೆ ಇದೆ. ಮಾಹಿತಿ ಹಕ್ಕಿನಿಂದ ಸಂಸ್ಥೆಗೆ ವಿನಾಯಿತಿ ಕೊಡಲು ಆ ಹಕ್ಕಿನ ಕಾಯ್ದೆಯ 24ನೇ ಕಲಮು ಇದೆ. ಆದರೆ ಆ ಸಂಸ್ಥೆ ಏನು ಮಾಡಬೇಕು, ಏನು ಮಾಡಬಾರದು, ಯಾರಿಗೆ ಲೆಕ್ಕ ಕೊಡಬೇಕು ಅಂತ ಸಂಸತ್ತು ಮಾಡಿದ ಕಾಯ್ದೆ ಮಾತ್ರ ಇಲ್ಲ. ಬಾಯಿಗೆ ಬೀಗ ಇದೆ, ಕೈಗೆ ಇಲ್ಲ.

ಗುಮಾನಿ ತಪ್ಪಾದರೆ ಏನಾಗುತ್ತದೆ ಅನ್ನುವುದಕ್ಕೆ ನಂಬಿ ನಾರಾಯಣನ್ ಸಾಕು. 1994ರ ನವೆಂಬರಿನಲ್ಲಿ ಇಸ್ರೋದ ಈ ವಿಜ್ಞಾನಿಯನ್ನು ಬೇಹುಗಾರಿಕೆ ಆರೋಪದ ಮೇಲೆ ಕೇರಳ ಪೊಲೀಸರು ಹಿಡಿದರು. ಇಂಟೆಲಿಜೆನ್ಸ್ ಬ್ಯೂರೋದವರೂ ವಿಚಾರಣೆ ಮಾಡಿದರು. 1996ರಲ್ಲಿ ಸಿಬಿಐ ಇದು ಸುಳ್ಳು ಕೇಸು ಅಂತ ವರದಿ ಕೊಟ್ಟಿತು. ಸುಪ್ರೀಂ ಕೋರ್ಟ್ 50 ಲಕ್ಷ ಪರಿಹಾರ ಕೊಡಿಸಿದ್ದು 2018ರಲ್ಲಿ. ನಡುವೆ 24 ವರ್ಷ. ರಾಕೆಟ್ ಎಂಜಿನ್ ಕಟ್ಟಬೇಕಾದ ಕೈ ಅಷ್ಟೂ ವರ್ಷ ಕೇಸಿನ ಕಾಗದ ಹಿಡಿದಿತ್ತು.

ಈಗ ಎರಡನೇ ಕೆಲಸ. ಸ್ವಯಂ ನಿವೃತ್ತಿ ತಗೊಂಡು, ಮಗಳ ವಯಸ್ಸಿನ ಹುಡುಗಿಯರ ಜೊತೆ ಬೆಂಚಿನ ಮೇಲೆ ಕೂತು ಮೂರು ವರ್ಷ ಎಲ್‌ಎಲ್‌ಬಿ ಓದಿದೆ. 45 ದಾಟಿದವರಿಗೆ ವಕೀಲಿ ಸನ್ನದು ಇಲ್ಲ ಅನ್ನುವ ನಿಯಮವೊಂದು ಹಿಂದೆ ಇತ್ತು. 1995ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದ್ದರಿಂದ ನನ್ನಂಥ ಬಿಳಿತಲೆಯವರು ಬಚಾವಾದೆವು. ಇಲ್ಲಿ ಹೈಕೋರ್ಟ್ ಪೀಠ ಇರುವುದೂ ದೊಡ್ಡ ಆಸರೆ. 2008ರಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಅದಕ್ಕೂ ಮುಂಚೆ ಒಂದು ರಿಟ್ ಹಾಕಬೇಕಾದರೆ ನಮ್ಮ ಕಕ್ಷಿದಾರರು ರಾತ್ರಿಯಿಡೀ ಬೆಂಗಳೂರಿನ ರೈಲಿನಲ್ಲಿ ಕೂರಬೇಕಿತ್ತು.

ನನ್ನ ಮೊದಲ ಅರ್ಜಿ ನೆನಪಿದೆ. ಬಹಳ ಶ್ರದ್ಧೆಯಿಂದ ಬರೆದಿದ್ದೆ. ನಡುವೆ ಒಂದು ಸಾಲು: "ನಂಬಲರ್ಹ ಮೂಲಗಳಿಂದ ತಿಳಿದುಬಂದಿರುವಂತೆ". ಅಷ್ಟು ವರ್ಷ ದಿನಾ ಬರೆದ ಸಾಲು ಅದು, ಕೈ ತಾನಾಗಿ ಬರೆದಿತ್ತು. ನಮ್ಮ ಸೀನಿಯರ್ ವಯಸ್ಸಿನಲ್ಲಿ ನನಗಿಂತ ಸಣ್ಣವರು. ಕನ್ನಡಕ ಏರಿಸಿ ಕೇಳಿದರು, "ಸಾಹೇಬ್ರ, ಈ ನಂಬಲರ್ಹ ಮೂಲಗಳು ಅಂದ್ರ ಯಾರ್ರಿ? ಹೆಸರೇನು, ತಂದಿ ಹೆಸರೇನು, ವಯಸ್ಸೆಷ್ಟು, ಸಾಕಿನ್ ಯಾವೂರು? ಕಟಕಟೆಗೆ ಬರ್ತಾರೇನ್ರಿ?"

ನಾನು ಸುಮ್ನೆ ನಕ್ಕೆ. ಅವರು ನಗಲಿಲ್ಲ. ಆ ಸಾಲಿನ ಮೇಲೆ ಕೆಂಪು ಗೆರೆ ಎಳೆದರು.

ಕೋರ್ಟಿನಲ್ಲಿ ಕಂಡವನು ಹೇಳಬೇಕು, ಕೇಳಿದವನಲ್ಲ. ಹೇಳಿದವನು ಪಾಟಿ ಸವಾಲಿಗೆ ನಿಲ್ಲಬೇಕು. ನನಗೆ ಇದು ಮೊದಲು ಕಿರಿಕಿರಿ ಅನ್ನಿಸಿತು. ಗೊತ್ತಿರುವ ಸತ್ಯ ಹೇಳೋಕೆ ಇಷ್ಟು ಅಡ್ಡಿ ಯಾಕೆ ಅಂತ. ಆಮೇಲೆ ಒಂದೊಂದೇ ಕೇಸು ನಡೆಸುತ್ತಾ, ನನಗೆ "ಗೊತ್ತಿದ್ದ" ಎಷ್ಟೋ ಸಂಗತಿ ಪಾಟಿ ಸವಾಲಿನ ಮೂರನೇ ಪ್ರಶ್ನೆಗೆ ಕುಸಿಯುತ್ತಿತ್ತು ಅಂತ ಅನ್ನಿಸತೊಡಗಿತು. ರಾತ್ರಿ ನಿದ್ದೆ ಕೆಡುವಂಥ ಯೋಚನೆ ಅದು. ಯಾವ್ಯಾವ ವರದಿ ಅಂತ ನಾನು ಹೇಳಲಾರೆ.

ನೀವೆಲ್ಲ ಮೀಡಿಯಾ ಒನ್ ಕೇಸಿನ ತೀರ್ಪು ಓದಲೇಬೇಕು. ಅದು ಮಲಯಾಳಂ ಸುದ್ದಿ ವಾಹಿನಿ. ಕೇಂದ್ರ ಗೃಹ ಇಲಾಖೆ ಭದ್ರತಾ ಒಪ್ಪಿಗೆ ಕೊಡಲಿಲ್ಲ ಅಂತ 2022ರ ಜನವರಿಯಲ್ಲಿ ಅದರ ಪ್ರಸಾರ ನಿಂತಿತು. ಕಾರಣ ಕೇಳಿದರೆ, ಕೊಡಲಾಗದು ಅಂದರು. ಕೇರಳ ಹೈಕೋರ್ಟಿಗೆ ಮುಚ್ಚಿದ ಲಕೋಟೆ ಹೋಯಿತು. ನ್ಯಾಯಾಧೀಶರು ಓದಿದರು, ಸರ್ಕಾರದ ಪರ ತೀರ್ಪಾಯಿತು. ಆ ಲಕೋಟೆಯಲ್ಲಿ ಏನಿದೆ ಅಂತ ವಾಹಿನಿಯ ವಕೀಲರಿಗೇ ಗೊತ್ತಿಲ್ಲ! ಏನು ವಾದ ಮಾಡುತ್ತೀರಿ? 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಗುಪ್ತಚರ ವರದಿ ಅಂದ ಮಾತ್ರಕ್ಕೆ ಎಲ್ಲವನ್ನೂ ಮುಚ್ಚಿಡುವಂತಿಲ್ಲ, ದೇಶದ ಭದ್ರತೆ ಅನ್ನುವ ಮಾತನ್ನು ಸುಮ್ಮನೆ ತೇಲಿಬಿಡುವಂತಿಲ್ಲ ಅಂದಿತು. ವರದಿಯಲ್ಲಿ ಇದ್ದದ್ದಾದರೂ ಎಂಥದ್ದು? ಆಗಲೇ ಬಹಿರಂಗವಾಗಿದ್ದ ಸಂಗತಿಗಳಿಂದ ಎಳೆದ ಊಹೆ ಅಂತ ನ್ಯಾಯಪೀಠವೇ ಹೇಳಿತು. ಓದಿದಾಗ ನನ್ನ ಸೀನಿಯರ್ ಎಳೆದ ಕೆಂಪು ಗೆರೆ ನೆನಪಾಯಿತು.

ಮೂರನೇ ಕೆಲಸವನ್ನು ಕೆಲಸ ಅನ್ನಬೇಕೋ ಹುಚ್ಚು ಅನ್ನಬೇಕೋ ತಿಳಿಯದು. ಪಕ್ಷೇತರನಾಗಿ ವಿಧಾನಸಭೆಗೆ ನಿಂತೆ. 10 ಸಾವಿರ ಠೇವಣಿ, ಹತ್ತು ಜನ ಸೂಚಕರು. ಚಿಹ್ನೆಗಳ ಪಟ್ಟಿಯಲ್ಲಿ ದುರ್ಬೀನೂ ಇತ್ತು, ಸಿಸಿಟಿವಿ ಕ್ಯಾಮೆರಾನೂ ಇತ್ತು. ಬೇಕಂತಲೇ ಹೊಲಿಗೆ ಯಂತ್ರ ಆರಿಸಿಕೊಂಡೆ.

ನಾಮಪತ್ರದ ಜೊತೆ ಪ್ರಮಾಣಪತ್ರ ಕೊಡಬೇಕಲ್ಲ, 2002ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಶುರುವಾದದ್ದು. ಆಸ್ತಿ, ಸಾಲ, ಹೆಂಡತಿಯ ಬಂಗಾರ, ಕೇಸುಗಳು. ಜೀವನಪೂರ್ತಿ ಬೇರೆಯವರ ಇಂಥ ವಿವರ ಗುಟ್ಟಾಗಿ ಕಲೆಹಾಕಿದವನು, ಈಗ ನನ್ನದನ್ನು ನಾನೇ ಬರೆದು ನೋಟರಿ ಮುದ್ರೆ ಹಾಕಿಸಿದೆ. ಅದನ್ನು ನಮ್ಮೂರ ಹೋಟೆಲಿನಲ್ಲಿ ಮಿರ್ಚಿ ಭಜಿ ತಿನ್ನುತ್ತಾ ಮೊಬೈಲಿನಲ್ಲಿ ಓದಿದರು.

ಪೊಲೀಸ್ ಅಧಿಕಾರಿಗಳು ರಾಜಕೀಯಕ್ಕೆ ಬರುವುದು ಹೊಸದಲ್ಲ. ಸಾಂಗ್ಲಿಯಾನಾ ಅವರು 2004ರಲ್ಲಿ ಬೆಂಗಳೂರು ಉತ್ತರದಲ್ಲಿ, ಕೇಂದ್ರ ಮಂತ್ರಿಯಾಗಿದ್ದ ಜಾಫರ್ ಷರೀಫ್ ಅಂಥವರನ್ನೇ ಸೋಲಿಸಿದರು. ಆದರೆ ಅವರ ಹೆಸರು ಮೊದಲೇ ಮನೆಮಾತಾಗಿತ್ತು. ನಮ್ಮದು ಹೆಸರಿಲ್ಲದ ಬಾಳು. ಯಾರೂ ಗುರುತಿಸಬಾರದು ಅಂತ ಬದುಕಿದವನನ್ನು ಜನ ಯಾಕೆ ಗುರುತಿಸುತ್ತಾರೆ?

ಗುರುತಿಸಿದವರೂ ನಂಬಲಿಲ್ಲ. ಕಟ್ಟೆಯ ಮೇಲೆ ಮಾತಾಡುತ್ತಿದ್ದವರು ನಾನು ಹೋದ ತಕ್ಷಣ ಗಪ್‌ಚುಪ್. ಒಬ್ಬ ಮುದುಕರನ್ನು ಕೇಳಿದೆ, "ಕಾಕಾ, ಈ ಸಲ ಯಾರಿಗೆ ಹಾಕ್ತೀರಿ?" ಅವರು ಬೀಡಿ ಆರಿಸಿ ಹೇಳಿದರು, "ನಿಮಗ ಗೊತ್ತಿಲ್ಲದ್ದೇನದರಿ ಸಾಹೇಬ್ರ?" ಇನ್ನೂ ಡ್ಯೂಟಿಯ ಮೇಲೇ ಇದ್ದೇನೆ ಅಂತ ಅರ್ಧ ತಾಲ್ಲೂಕು ತಿಳಿದಿತ್ತು.

ಇನ್ನು ಕೆಲವರು ರಾತ್ರಿ ಬರುತ್ತಿದ್ದರು. "ಅವರ ಬಗ್ಗೆ ನಿಮ್ಮ ಬಲ್ಲಿ ಏನೇನೋ ಇರ್ತದಲ್ರಿ, ಒಂದೇ ಒಂದು ಹೊರಗ ಬಿಡ್ರಿ." ಇಲ್ಲ ಅಂದರೆ ನಂಬುತ್ತಿರಲಿಲ್ಲ. ಇದೇ ನನಗೆ ಹೆದರಿಕೆ ಹುಟ್ಟಿಸಿದ ವಿಷಯ. ನನ್ನ ಬಳಿ ಏನೂ ಇರಲಿಲ್ಲ ನಿಜ. ಆದರೆ ಇದ್ದವನೊಬ್ಬ ನಿಂತರೆ? ಕೇಂದ್ರದ ಮೇಲ್ದರ್ಜೆಯ, ಅಂದರೆ ಗ್ರೂಪ್ ಎ ಅಧಿಕಾರಿ ನಿವೃತ್ತಿಯಾದ ಒಂದು ವರ್ಷದೊಳಗೆ ಖಾಸಗಿ ಕಂಪನಿ ಸೇರಬೇಕಾದರೆ ಸರ್ಕಾರದ ಅನುಮತಿ ಬೇಕು. ಚುನಾವಣೆಗೆ ನಿಲ್ಲಲು ಒಂದು ದಿನವೂ ಕಾಯಬೇಕಿಲ್ಲ. ಅಧಿಕಾರಿಗಳಿಗೆ ನಡುವೆ ಸ್ವಲ್ಪ ಕಾಲ ಬಿಡುವು ಇರಲಿ ಅಂತ ಚುನಾವಣಾ ಆಯೋಗ 2012ರಲ್ಲಿ ಸೂಚಿಸಿತ್ತು, ಕೇಂದ್ರ ಒಪ್ಪಲಿಲ್ಲ. 2022ರಲ್ಲಿ ಸುಪ್ರೀಂ ಕೋರ್ಟ್ ಇದು ಶಾಸಕಾಂಗಕ್ಕೆ ಬಿಟ್ಟದ್ದು ಅಂದಿತು. ಎಲ್ಲ ಅಧಿಕಾರಿಗಳ ಮಾತು ಹೇಗೂ ಇರಲಿ, ಗುಪ್ತಚರರಿಗೆ ಮಾತ್ರ ಆ ಬಿಡುವು ಬೇಕೇ ಬೇಕು ಅನ್ನುವುದು ನನ್ನ ಅಭಿಪ್ರಾಯ. ಆ ಬಿಡುವು ಸಾಕಷ್ಟು ಉದ್ದವಾಗಿದ್ದಿದ್ದರೆ ನಾನೂ ಆ ಸಲ ನಿಲ್ಲಲು ಆಗುತ್ತಿರಲಿಲ್ಲ. ನಮ್ಮ ಮನೆಯವರು ಈಗಲೂ ಅದೇ ಹೇಳುತ್ತಾರೆ, 10 ಸಾವಿರ ಉಳಿಯುತ್ತಿತ್ತು ಅಂತ.

ಹೌದು, ಠೇವಣಿ ಹೋಯಿತು. ಫಲಿತಾಂಶದ ನಂತರ ಬೂತ್‌ವಾರು ಪಟ್ಟಿ ಸಿಗುತ್ತದೆ. ನಮ್ಮೂರ ಬೂತಿನಲ್ಲಿ ನನಗೆ ಬಿದ್ದ ಮತ ನಮ್ಮ ಮನೆತನದ ತಲೆ ಎಣಿಕೆಗಿಂತ ಕಡಿಮೆ ಇತ್ತು. ಆ ರಾತ್ರಿ ಪೆನ್ಸಿಲ್ ಹಿಡಿದು ಕೂತೆ. ದೊಡ್ಡಪ್ಪನ ಮಕ್ಕಳು ಇಷ್ಟು, ಅಳಿಯಂದಿರು ಇಷ್ಟು, ಇವರು ಹಾಕಿರಲಾರರು, ಇವನು ಅನುಮಾನ... ಹಳೆ ಚಟ. ಪಟ್ಟಿ ಅರ್ಧ ಆಗಿತ್ತು. ಹೆಂಡತಿ ಬಂದು ನೋಡಿದಳು.

"ಯಾರು ಹೇಳಿದ್ರು ನಿಮಗ?" ಅಂದಳು.

ಹಾಳೆ ಕಸಿದುಕೊಂಡು ಹೋದಳು. ಮರುದಿನ ಮಾಳಿಗೆ ಮೇಲೆ ಅದರ ಮೇಲೆ ಹಪ್ಪಳ ಒಣಗುತ್ತಿತ್ತು.