ಟ್ರಾಲಿ ಹತ್ತಿ ಓಡಾಡಿದ ಕಾಲೇಜು: ಸ್ಯಾನ್ ಫ್ರಾನ್ಸಿಸ್ಕೋ ಸಿಟಿ ಕಾಲೇಜಿನ ವಿಭಾಗಗಳು ಹುಟ್ಟಿದ್ದು, ಸೊರಗಿದ್ದು

[ಪರದೆ: ಸ್ಯಾನ್ ಫ್ರಾನ್ಸಿಸ್ಕೋ ನಕ್ಷೆ. ಬಾಲ್ಬೋವಾ ಪಾರ್ಕ್ ಹತ್ತಿರ ಕೆಂಪು ಚುಕ್ಕೆ.]

ನಮಸ್ಕಾರ. ಕಾಲೇಜಿನ ಇತಿಹಾಸ ಅಂದ್ರೆ ಸಾಮಾನ್ಯವಾಗಿ ಪ್ರಾಂಶುಪಾಲರ ಫೋಟೋಗಳ ಸಾಲು, ಒಂದು ಶಂಕುಸ್ಥಾಪನೆ ಕಲ್ಲು, ಹೆಸರು ಮಾಡಿದ ಹಳೇ ವಿದ್ಯಾರ್ಥಿಗಳ ಪಟ್ಟಿ. ನಾವು ವಿಭಾಗಗಳ ಕಡೆಯಿಂದ ಬರೋಣ. ಒಂದು ವಿಭಾಗ ಯಾರ ಒತ್ತಾಯಕ್ಕೆ ಶುರುವಾಗುತ್ತೆ, ಅದಕ್ಕೆ ದುಡ್ಡು ಯಾವ ಲೆಕ್ಕದಲ್ಲಿ ಬರುತ್ತೆ, ಯಾವಾಗ ಅದು ಕೃಶವಾಗುತ್ತೆ? ಇದಕ್ಕೆ ಸಿಟಿ ಕಾಲೇಜ್ ಆಫ್ ಸ್ಯಾನ್ ಫ್ರಾನ್ಸಿಸ್ಕೋಗಿಂತ ಒಳ್ಳೆ ಉದಾಹರಣೆ ಸಿಗೋದು ಕಷ್ಟ.

ಮೊದಲು ಕಮ್ಯುನಿಟಿ ಕಾಲೇಜು ಅಂದ್ರೆ ಏನು ಅನ್ನೋದನ್ನ ಬೇಗ ಮುಗಿಸಿಬಿಡೋಣ. ಇಲ್ಲಿನ ಐಟಿಐ, ಪಾಲಿಟೆಕ್ನಿಕ್, ಡಿಗ್ರಿಯ ಮೊದಲೆರಡು ವರ್ಷ, ಸಂಜೆ ಇಂಗ್ಲಿಷ್ ತರಗತಿ, ಇಷ್ಟನ್ನೂ ಒಂದೇ ಕಾಂಪೌಂಡಿನೊಳಗೆ ತಂದಿಟ್ಟ ಹಾಗೆ. ಯೂನಿಟ್ ಅಂದ್ರೆ ಕೋರ್ಸ್ ಎಷ್ಟು ದೊಡ್ಡದು ಅನ್ನೋದರ ಅಳತೆ. 60 ಯೂನಿಟ್ ಮುಗಿಸಿದರೆ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ. ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಯೂನಿಟ್‌ಗೆ 46 ಡಾಲರ್, ಅಂದ್ರೆ ಪೂರ್ತಿ ಎರಡು ವರ್ಷಕ್ಕೆ 2,760 ಡಾಲರ್. ಅಲ್ಲಿಂದ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಸೇರಬಹುದು. 1960ರ ಕ್ಯಾಲಿಫೋರ್ನಿಯಾ ಮಾಸ್ಟರ್ ಪ್ಲಾನ್ ಕೆಲಸ ಹಂಚಿದ್ದು ಹೀಗೆ: ಹೈಸ್ಕೂಲ್ ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗಕ್ಕೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಮೇಲಿನ ಮೂರನೇ ಒಂದು ಭಾಗಕ್ಕೆ ಸ್ಟೇಟ್ ಕಾಲೇಜುಗಳು, ಕಮ್ಯುನಿಟಿ ಕಾಲೇಜಿನ ಬಾಗಿಲು ಮಾತ್ರ ಎಲ್ಲರಿಗೂ.

[ಪರದೆ: 1930ರ ದಶಕದ ಟ್ರಾಲಿ ಕಾರು]

ನಮ್ಮ ಕಥೆ ಶುರುವಾಗೋದು 1935ರಲ್ಲಿ. ಆರ್ಥಿಕ ಕುಸಿತದ ಕಾಲ. ಹೈಸ್ಕೂಲ್ ಮುಗಿಸಿದ ಹುಡುಗರಿಗೆ ಕೆಲಸವೂ ಇಲ್ಲ, ಪಕ್ಕದ ಬರ್ಕ್ಲಿಯ ವಿಶ್ವವಿದ್ಯಾಲಯಕ್ಕೆ ಹೋಗೋಕೆ ದುಡ್ಡೂ ಇಲ್ಲ. ಆಗ ಸ್ಯಾನ್ ಫ್ರಾನ್ಸಿಸ್ಕೋ ಜೂನಿಯರ್ ಕಾಲೇಜ್ ಹುಟ್ಟಿತು. ಆರ್ಚಿಬಾಲ್ಡ್ ಕ್ಲೌಡ್ ಮೊದಲ ಅಧ್ಯಕ್ಷರು. ಸ್ವಂತ ಕಟ್ಟಡ ಇರಲಿಲ್ಲ. ಗೆಲಿಲಿಯೋ ಹೈಸ್ಕೂಲಿನಲ್ಲಿ ಒಂದಷ್ಟು, ಯೂನಿವರ್ಸಿಟಿಯ ಎಕ್ಸ್‌ಟೆನ್ಷನ್ ಕಟ್ಟಡದಲ್ಲಿ ಒಂದಷ್ಟು, ಬರ್ತಾ ಬರ್ತಾ ಊರಿನ ಇಪ್ಪತ್ತಕ್ಕೂ ಹೆಚ್ಚು ಕಡೆ ತರಗತಿ. ಒಂದು ಪಾಠ ಮುಗಿಸಿ ಇನ್ನೊಂದಕ್ಕೆ ಟ್ರಾಲಿ, ಅಂದ್ರೆ ಬೀದಿಯ ಹಳಿ ಮೇಲೆ ಓಡೋ ಟ್ರಾಮ್, ಹತ್ತಿ ಹೋಗಬೇಕು. ಜನ ಇಟ್ಟ ಹೆಸರು 'ಟ್ರಾಲಿ ಕಾರ್ ಕಾಲೇಜ್'. ಈಗಿನ ಹೆಸರು ಬಂದಿದ್ದು 1948ರಲ್ಲಿ.

ಕ್ಲೌಡ್ ಬಾಲ್ಬೋವಾ ಪಾರ್ಕಿನ ಗುಡ್ಡದ ಮೇಲೆ ಜಾಗ ಹಿಡಿದರು. ವಾಸ್ತುಶಿಲ್ಪಿ ಟಿಮೊಥಿ ಫ್ಲೂಗರ್. 1940ರಲ್ಲಿ ಸೈನ್ಸ್ ಹಾಲ್ ತೆರೆಯಿತು. ಫ್ಲೂಗರ್ ತಲೆಯಲ್ಲಿ ಒಂದು ದೊಡ್ಡ ಲೈಬ್ರರಿಯೂ ಇತ್ತು, ಅದರ ಗೋಡೆಗೆ ಒಂದು ಚಿತ್ರವೂ ಇತ್ತು. ಈ ಚಿತ್ರದ ಹತ್ತಿರ ಸ್ವಲ್ಪ ನಿಲ್ಲಲೇಬೇಕು.

[ಪರದೆ: ಭಿತ್ತಿಚಿತ್ರದ ಹತ್ತು ಫಲಕಗಳು, ಮೇಲೆ ಐದು, ಕೆಳಗೆ ಐದು]

1940ರಲ್ಲಿ ಟ್ರೆಷರ್ ಐಲ್ಯಾಂಡಿನಲ್ಲಿ ಗೋಲ್ಡನ್ ಗೇಟ್ ಅಂತಾರಾಷ್ಟ್ರೀಯ ಪ್ರದರ್ಶನ ನಡೀತಿತ್ತು. ಜನ ನೋಡ್ತಿರುವಾಗಲೇ ಕಲಾವಿದರು ಕೆಲಸ ಮಾಡಬೇಕು ಅನ್ನೋದು ಅಲ್ಲೊಂದು ವಿಭಾಗ. ಅಲ್ಲಿಗೆ ಫ್ಲೂಗರ್ ಕರೆಸಿದ್ದು ಮೆಕ್ಸಿಕೋದ ಡಿಯೆಗೋ ರಿವೇರಾ ಅವರನ್ನ. 22 ಅಡಿ ಎತ್ತರ, 74 ಅಡಿ ಅಗಲದ ಫ್ರೆಸ್ಕೋ, 'ಪ್ಯಾನ್ ಅಮೆರಿಕನ್ ಯೂನಿಟಿ'. ಫ್ರೆಸ್ಕೋ ಅಂದ್ರೆ ಹಸಿ ಸುಣ್ಣದ ಗಾರೆಯ ಮೇಲೆ ನೀರಲ್ಲಿ ಕಲೆಸಿದ ಬಣ್ಣ. ಗಾರೆ ಒಣಗೋ ಮುಂಚೆ ಬಣ್ಣ ಹಚ್ಚಿದರೆ ಸುಣ್ಣ ಗಟ್ಟಿಯಾಗ್ತಾ ಬಣ್ಣವನ್ನ ಒಳಗೇ ಹಿಡಿದುಕೊಳ್ಳುತ್ತೆ. ಹಾಗಾಗಿ ಆ ದಿನಕ್ಕೆ ಮುಗಿಸಬಹುದಾದಷ್ಟು ಜಾಗಕ್ಕೆ ಮಾತ್ರ ಕೊನೆಯ ಗಾರೆ ಬಳಿಯಬೇಕು. ಹೆಚ್ಚು ಬಳಿದು ಒಣಗಿದರೆ ಕೆತ್ತಿ ತೆಗೆದು ಮತ್ತೆ ಬಳಿಯೋದೇ ದಾರಿ. ಸೆಪ್ಟೆಂಬರ್ ಕೊನೆಗೆ ಪ್ರದರ್ಶನ ಮುಗಿದರೂ ರಿವೇರಾ ಕೆಲಸ ಮುಗಿದಿರಲಿಲ್ಲ, ನವೆಂಬರ್ ಕೊನೆವರೆಗೂ ಹೋಯ್ತು. ಚಿತ್ರದೊಳಗೆ ಮೆಕ್ಸಿಕೋದ ಕಲಾವಿದೆ ಫ್ರಿಡಾ ಕಾಹ್ಲೋ ಇದ್ದಾರೆ, ಫ್ಲೂಗರ್ ಕೂಡ ಇದ್ದಾರೆ. ನಟ್ಟನಡುವೆ ಅರ್ಧ ಅಜ್ಟೆಕ್ ದೇವತೆ ಕೊವಾಟ್ಲಿಕ್ವೆ, ಇನ್ನರ್ಧ ಕಾರ್ಖಾನೆಯ ಯಂತ್ರ.

ಗೋಡೆ ಮೇಲೇ ಬರೆದಿದ್ದರೆ ಇದು ಅಲ್ಲೇ ಉಳೀತಿತ್ತು. ಆದರೆ ಇದನ್ನ ಉಕ್ಕಿನ ಚೌಕಟ್ಟಿನ ಹತ್ತು ಫಲಕಗಳ ಮೇಲೆ ಬರೆಸಿದ್ದೇ ಕಾಲೇಜಿಗೆ ಸಾಗಿಸೋಕೆ. ಸಾಗಿಸಿದ್ದೂ ಆಯ್ತು, ಲೈಬ್ರರಿ ಮಾತ್ರ ಎದ್ದಿರಲಿಲ್ಲ. ಯುದ್ಧ ಬಂದು ಕಟ್ಟೋ ಕೆಲಸ ನಿಂತಿತು, 1946ರಲ್ಲಿ ಫ್ಲೂಗರ್ ತೀರಿಕೊಂಡರು. ಅದರ ಮೇಲೆ ರಿವೇರಾ ಕಮ್ಯುನಿಸ್ಟ್. ಐವತ್ತರ ದಶಕದ ಅಮೆರಿಕದಲ್ಲಿ ಅಂಥವರ ಚಿತ್ರ ಹೊರಗೆ ತೆಗೆಯೋಕೆ ಯಾರಿಗೂ ಆತುರ ಇರಲಿಲ್ಲ. ಫಲಕಗಳು ಕಾಲೇಜಿನ ಶೆಡ್ಡಿನಲ್ಲಿ ಧೂಳು ತಿಂದವು. 1961ರಲ್ಲಿ ಥಿಯೇಟರಿನ ಲಾಬಿಗೆ ಏರಿಸಿದರು. ಕಟ್ಟಡದ ವಿನ್ಯಾಸ ಫ್ಲೂಗರ್ ತಮ್ಮ ಮಿಲ್ಟನ್ ಅವರದು.

2021ರಲ್ಲಿ ಚಿತ್ರ ಸಾಲವಾಗಿ ಸ್ಯಾನ್ ಫ್ರಾನ್ಸಿಸ್ಕೋ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ಗೆ ಹೋಯ್ತು. ತೂಕ ಸುಮಾರು 30 ಟನ್. ತೊಂದರೆ ತೂಕದ್ದಲ್ಲ, ನಡುಕದ್ದು. ಉಕ್ಕು ಬಾಗುತ್ತೆ, ಗಾರೆ ಬಾಗಲ್ಲ. ಚೌಕಟ್ಟು ಒಂಚೂರು ತಿರುಚಿದರೂ ಬಿರುಕು. ಅದಕ್ಕೇ ಮೊದಲು ಮಾದರಿ ಫಲಕಗಳನ್ನ ಮಾಡಿ ಅಲುಗಾಡಿಸಿ ಪರೀಕ್ಷೆ ಮಾಡಿದರು. ಆಮೇಲೆ ಒಂದೊಂದೇ ಫಲಕ, ನಸುಕಿನಲ್ಲಿ, ಗಂಟೆಗೆ ಸುಮಾರು 8 ಕಿಲೋಮೀಟರ್ ವೇಗದಲ್ಲಿ ಲಾರಿ.

[ಪರದೆ: ಅಡುಗೆಮನೆ, ಸ್ಟೀಲ್ ಮೇಜು, ಥರ್ಮಾಮೀಟರ್]

ಈಗ ವಿಭಾಗಗಳಿಗೆ. ಹೋಟೆಲ್ ಮತ್ತು ರೆಸ್ಟೊರೆಂಟ್ ವಿಭಾಗ ಕಾಲೇಜಿನಷ್ಟೇ ಹಳೇದು, ಮೂವತ್ತರ ದಶಕದ್ದೇ. ಬಂದರು, ಪ್ರವಾಸಿಗರು, ದೊಡ್ಡ ಹೋಟೆಲುಗಳು ಇರೋ ಊರಲ್ಲಿ ಇದು ಸಹಜ. ಇಲ್ಲಿನ ಆಲಿಸ್ ಸ್ಟ್ಯಾಟ್ಲರ್ ಲೈಬ್ರರಿ ಪೂರ್ತಿ ಈ ವಿದ್ಯೆಗೇ ಮೀಸಲು; ಆಲಿಸ್ ಅವರು ಹೋಟೆಲ್ ಉದ್ಯಮಿ ಎಲ್ಸ್‌ವರ್ತ್ ಸ್ಟ್ಯಾಟ್ಲರ್ ಅವರ ಪತ್ನಿ. ಕಲಿಕೆ ನಡೆಯೋದು ನಿಜವಾದ ಗಿರಾಕಿಗಳಿಗೆ ಅಡುಗೆ ಮಾಡಿ: ವಿದ್ಯಾರ್ಥಿಗಳು ಬೇಯಿಸಿದ್ದನ್ನ ಕಾಲೇಜಿನವರೇ ಕೊಂಡು ತಿನ್ನಬೇಕು. ಬಿಸಿ ಪದಾರ್ಥ 57 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯೋ ಹಾಗಿಲ್ಲ, ತಣ್ಣಗಿರಬೇಕಾದ್ದು 5 ಡಿಗ್ರಿ ದಾಟೋ ಹಾಗಿಲ್ಲ. ಇದು ಪುಸ್ತಕದಲ್ಲಿ ಓದಿದರೆ ಮರೆಯುತ್ತೆ. ಮಧ್ಯಾಹ್ನ ಸಾಲು ಉದ್ದವಾದಾಗ ಸಾರಿನ ಪಾತ್ರೆಗೆ ಥರ್ಮಾಮೀಟರ್ ಇಳಿಸಿ ನೋಡಿದವರಿಗೆ ಮರೆಯಲ್ಲ. ಇದರ ದುರ್ಬಲ ಜಾಗವೂ ಇಲ್ಲೇ: ಕ್ಯಾಂಪಸ್ಸಿನಲ್ಲಿ ಜನ ಕಡಿಮೆಯಾದರೆ ತಿನ್ನೋರಿಲ್ಲ, ತಿನ್ನೋರಿಲ್ಲದಿದ್ದರೆ ಕಲಿಯೋಕೆ ಅಡುಗೆಯೇ ಇಲ್ಲ.

ಯುದ್ಧ ಮುಗಿದ ಮೇಲೆ ವಾಪಸ್ ಬಂದ ಸೈನಿಕರು ಸರ್ಕಾರದ ಖರ್ಚಿನಲ್ಲಿ ಓದೋಕೆ ಬಂದರು. ಪಕ್ಕದಲ್ಲಿ ನೌಕಾಪಡೆಯ ಮಹಿಳಾ ಸಿಬ್ಬಂದಿಗೆ ಕಟ್ಟಿದ್ದ ಬ್ಯಾರಕ್‌ಗಳೇ ವೆಸ್ಟ್ ಕ್ಯಾಂಪಸ್ ಆದವು.

ಆಮೇಲೆ ಅದೇ ಊರಿನ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನಲ್ಲಿ 1968-69ರ ವಿದ್ಯಾರ್ಥಿ ಮುಷ್ಕರ, ತಮ್ಮ ಸಮುದಾಯಗಳ ಚರಿತ್ರೆಯೂ ಪಾಠವಾಗಬೇಕು ಅಂತ. ಅದರ ಬಿಸಿ ಈ ಕ್ಯಾಂಪಸ್ಸಿಗೂ ತಟ್ಟಿತು. 1970ರಲ್ಲಿ ಫಿಲಿಪೈನ್ ಅಧ್ಯಯನ ವಿಭಾಗ ಬಂತು. 1972ರಲ್ಲಿ ಇಂಗ್ಲಿಷ್ ಅಧ್ಯಾಪಕ ಡ್ಯಾನ್ ಅಲೆನ್ ಸಲಿಂಗಿ ಸಾಹಿತ್ಯದ ಕೋರ್ಸ್ ಶುರು ಮಾಡಿದರು. 1989ರಲ್ಲಿ ಅದು ಗೇ ಮತ್ತು ಲೆಸ್ಬಿಯನ್ ಅಧ್ಯಯನ ವಿಭಾಗವೇ ಆಯ್ತು, ಅಮೆರಿಕದಲ್ಲಿ ಮೊದಲನೇದು. ಒಂದು ಕೋರ್ಸ್ ವಿಭಾಗವಾಗೋಕೆ 17 ವರ್ಷ. ಹೆಸರಾಂತ ವಿಶ್ವವಿದ್ಯಾಲಯಗಳನ್ನ ಬಿಟ್ಟು ಎರಡು ವರ್ಷದ ಕಾಲೇಜೊಂದು ಇದನ್ನ ಮೊದಲು ಮಾಡಿದ್ದು ಆಕಸ್ಮಿಕ ಅಲ್ಲ: ಊರಿನ ಸಲಿಂಗಿ ಬಡಾವಣೆ ಅಂತಲೇ ಹೆಸರಾದ ಕ್ಯಾಸ್ಟ್ರೋದಲ್ಲಿ ವಾಸ ಮಾಡ್ತಿದ್ದವರೇ ಸಂಜೆ ತರಗತಿಗೂ ಬರ್ತಿದ್ದರು.

ಇನ್ನು ಹೆಸರು ಮಾಡಿದವರು. ಇಲ್ಲಿ ಹುಷಾರಾಗಿರಬೇಕು, 'ಹಳೇ ವಿದ್ಯಾರ್ಥಿ' ಅನ್ನೋ ಪಟ್ಟಿಯಲ್ಲಿ ಡಿಗ್ರಿ ಮುಗಿಸಿದವರೂ ಇರ್ತಾರೆ, ಒಂದು ಸೆಮಿಸ್ಟರ್ ಬಂದು ಹೋದವರೂ ಇರ್ತಾರೆ. ನಟ ಬಿಲ್ ಬಿಕ್ಸ್‌ಬಿ, 1955ರ ಮಿಸ್ ಅಮೆರಿಕ ಲೀ ಮೆರಿವೆದರ್ ಇಲ್ಲಿ ಓದಿದವರು. ಕಮ್ಯುನಿಟಿ ಕಾಲೇಜಿನ ಕೆಲಸ ಏನು ಅಂತ ಚೆನ್ನಾಗಿ ತೋರಿಸೋದು ಮಾತ್ರ ಒ. ಜೆ. ಸಿಂಪ್ಸನ್. ಹೈಸ್ಕೂಲ್ ಅಂಕ ಸಾಲದೆ ಇಲ್ಲಿಗೆ ಬಂದರು, 1965 ಮತ್ತು 66ರಲ್ಲಿ ಅಮೆರಿಕನ್ ಫುಟ್ಬಾಲ್ ಆಡಿದರು, 1967ರಲ್ಲಿ ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾ ಸೇರಿದರು, 1968ರಲ್ಲಿ ಕಾಲೇಜು ಫುಟ್ಬಾಲಿನ ಅತ್ಯುತ್ತಮ ಆಟಗಾರನಿಗೆ ಕೊಡೋ ಹೈಸ್ಮನ್ ಟ್ರೋಫಿ. ಆಮೇಲಿನದು ಕೋರ್ಟಿನ ಕಥೆ, ಈ ವಿಡಿಯೋಗೆ ಬೇಡ.

[ಪರದೆ: ಕಪ್ಪು ಹಲಗೆ. 30 × 3 × 17.5 ÷ 525 = 3]

ಈಗ ದುಡ್ಡು. ಬೋರ್ ಅನ್ನಿಸಿದರೂ ಮುಂದಕ್ಕೆ ಓಡಿಸಬೇಡಿ, ಯಾವ ವಿಭಾಗ ಉಳಿಯುತ್ತೆ ಅನ್ನೋದು ನಿರ್ಧಾರವಾಗೋದು ಇಲ್ಲೇ. ರಾಜ್ಯದ ಅನುದಾನದ ದೊಡ್ಡ ಪಾಲು ತಲೆ ಎಣಿಕೆಯ ಮೇಲಲ್ಲ, 'ಪೂರ್ಣಾವಧಿಗೆ ಸಮನಾದ ವಿದ್ಯಾರ್ಥಿ' ಅನ್ನೋ ಲೆಕ್ಕದ ಮೇಲೆ. ಒಬ್ಬ ಪೂರ್ಣಾವಧಿ ವಿದ್ಯಾರ್ಥಿ ಅಂದ್ರೆ ವರ್ಷಕ್ಕೆ 525 ಗಂಟೆ. ವಾರಕ್ಕೆ 3 ಗಂಟೆಯ ತರಗತಿ, 30 ಜನ, 17.5 ವಾರ: ಗುಣಿಸಿ 525ರಿಂದ ಭಾಗಿಸಿದರೆ 3. ಅದೇ ತರಗತಿಯಲ್ಲಿ 14 ಜನ ಇದ್ದರೆ 1.4. ಅಧ್ಯಾಪಕರ ಸಂಬಳ ಎರಡಕ್ಕೂ ಒಂದೇ.

ಎಣಿಕೆ ಮಾಡೋದು ಅವಧಿಯ ಸುಮಾರು ಶೇಕಡ 20 ಕಳೆದಾಗ ಬರೋ ಸೆನ್ಸಸ್ ದಿನ. ಅವತ್ತಿನ ಮುಂಚೆ ಬಿಟ್ಟವರಿಗೆ ದುಡ್ಡಿಲ್ಲ, ಆಮೇಲೆ ಬಿಟ್ಟರೂ ಲೆಕ್ಕ ಉಳಿಯುತ್ತೆ. ವಲಸಿಗರಿಗೆ ಉಚಿತವಾಗಿ ಇಂಗ್ಲಿಷ್ ಕಲಿಸೋ ನಾನ್‌ಕ್ರೆಡಿಟ್, ಅಂದ್ರೆ ಯೂನಿಟ್ ಸಿಗದ, ತರಗತಿಗಳಿಗೆ ಈ ಸೌಲಭ್ಯ ಇಲ್ಲ, ಅಲ್ಲಿ ಹಾಜರಾದ ಗಂಟೆ ಮಾತ್ರ ಎಣಿಕೆ. 20 ಜನ ತಲಾ 100 ಗಂಟೆ ಕೂತರೆ 2,000 ಗಂಟೆ, ಅಂದ್ರೆ 3.8. ಹೋಟೆಲಿನಲ್ಲಿ ಶಿಫ್ಟ್ ಬದಲಾಗಿ ಐದು ಜನ ತಪ್ಪಿಸಿದರೆ ವಿಭಾಗದ ಬಜೆಟ್ ಕರಗುತ್ತೆ. ವಲಸಿಗರು ಹೆಚ್ಚಿರೋ ಚೈನಾಟೌನ್, ಮಿಷನ್ ಬಡಾವಣೆಗಳಿಗೆ ಅತಿ ಮುಖ್ಯವಾದ ವಿಭಾಗವೇ ಹೀಗೆ ಅತಿ ಅಸ್ಥಿರ ಲೆಕ್ಕದ ಮೇಲೆ ನಿಂತಿದೆ.

2012ರಲ್ಲಿ ಮಾನ್ಯತಾ ಆಯೋಗ ನೋಟಿಸ್ ಕೊಟ್ಟಿತು. ಆಕ್ಷೇಪ ಮುಖ್ಯವಾಗಿ ಆಡಳಿತ ಮತ್ತು ಹಣಕಾಸಿನದು, ಪಾಠದ ಗುಣಮಟ್ಟದ್ದಲ್ಲ. 2013ರ ಜುಲೈನಲ್ಲಿ, ಮುಂದಿನ ವರ್ಷ ಮಾನ್ಯತೆ ರದ್ದು ಅಂತ ಘೋಷಣೆ. ಮಾನ್ಯತೆ ಹೋದರೆ ಫೆಡರಲ್ ವಿದ್ಯಾರ್ಥಿ ನೆರವು ಇಲ್ಲ, ಯೂನಿಟ್‌ಗಳನ್ನ ಬೇರೆ ಕಡೆ ಒಪ್ಪೋದು ಅನುಮಾನ. ಹಾಗಾಗಿ ರದ್ದಾಗೋ ಮುಂಚೆಯೇ ವಿದ್ಯಾರ್ಥಿಗಳು ಸಾವಿರಾರು ಸಂಖ್ಯೆಯಲ್ಲಿ ಜಾಗ ಖಾಲಿ ಮಾಡಿದರು, 525ರ ಲೆಕ್ಕ ಕುಸಿಯಿತು. ನಗರದ ಅಟಾರ್ನಿ ಡೆನಿಸ್ ಹೆರೆರಾ ಕೋರ್ಟಿಗೆ ಹೋಗಿ ತಡೆ ತಂದರು. 2017ರ ಜನವರಿಯಲ್ಲಿ ಪೂರ್ಣ ಏಳು ವರ್ಷದ ಮಾನ್ಯತೆ ಸಿಕ್ಕಿತು. ಅದೇ ವರ್ಷ ನಗರವಾಸಿಗಳಿಗೆ ಕಾಲೇಜು ಉಚಿತವಾಯ್ತು. ಅದಕ್ಕೆ ದಾರಿ ಮಾಡಿದ್ದು 50 ಲಕ್ಷ ಡಾಲರ್ ಮೀರಿದ ಆಸ್ತಿ ವರ್ಗಾವಣೆ ತೆರಿಗೆ ಹೆಚ್ಚಿಸಿದ 2016ರ ಮತದಾನ.

[ಪರದೆ: ಹಳೆಯ ಕ್ಯಾಟಲಾಗ್ ಪುಟಗಳು]

ನಿಮ್ಮೂರಿನ ಕಾಲೇಜಿನ ಮೇಲೆ ಇದೇ ಕೆಲಸ ಮಾಡಬೇಕು ಅನ್ನಿಸಿದರೆ, ಹತ್ತು ವರ್ಷಕ್ಕೊಂದರಂತೆ ಹಳೇ ಪ್ರಾಸ್ಪೆಕ್ಟಸ್ ತೆಗೆದುಕೊಂಡು ಪಕ್ಕಪಕ್ಕ ಇಡಿ. ವಿಭಾಗದ ಹೆಸರನ್ನ ನಂಬಬೇಡಿ, ಅದು ಬದಲಾಗ್ತಾ ಇರುತ್ತೆ. ಕೋರ್ಸಿನ ವಿವರ ಹೋಲಿಸಿ. ಪ್ರಾಸ್ಪೆಕ್ಟಸ್‌ನಲ್ಲಿದ್ದ ಮಾತ್ರಕ್ಕೆ ಆ ತರಗತಿ ನಡೆದಿತ್ತು ಅಂತಲೂ ಅಲ್ಲ, ಆ ವರ್ಷದ ವೇಳಾಪಟ್ಟಿ ಸಿಕ್ಕರೆ ಮಾತ್ರ ಖಾತ್ರಿ. ಜಗಳಗಳು ಬೇಕಿದ್ದರೆ ವಿದ್ಯಾರ್ಥಿ ಪತ್ರಿಕೆ ನೋಡಿ. ಸಿಟಿ ಕಾಲೇಜಿನಲ್ಲಿ ಅದರ ಹೆಸರು 'ದಿ ಗಾರ್ಡ್ಸ್‌ಮನ್', 1935ರಿಂದಲೇ ಇದೆ. ಆಡಳಿತದ ವರದಿಯಲ್ಲಿ 'ಪುನರ್ವಿಂಗಡಣೆ' ಅಂತ ಇರೋ ಕಡೆ, ಯಾವ ಅಧ್ಯಾಪಕರ ಕೆಲಸ ಹೋಯ್ತು ಅನ್ನೋದು ಅಂಥ ಪತ್ರಿಕೆಗಳಲ್ಲೇ ಸಿಗೋದು.