ಬದು ನಡೆದು ನೋಡುವ ಊರು

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಪ್ರಶ್ನೆ. ಇಲ್ಲಿ ಕೂತಿರುವವರಲ್ಲಿ ಎಷ್ಟು ಜನರ ಮನೆಯಲ್ಲಿ ಬದುವಿನ ಜಗಳ ನಡೆದಿದೆ? ಕೈ ಎತ್ತಿ, ಪರವಾಗಿಲ್ಲ. ನೋಡಿ, ಅರ್ಧಕ್ಕಿಂತ ಜಾಸ್ತಿ. ನನ್ನ ಕೈಯೂ ಮೇಲೇ ಇದೆ. ನಮ್ಮ ತಂದೆಯವರೂ ಪಕ್ಕದ ಹೊಲದವರೂ ಒಂದೂವರೆ ಗುಂಟೆಗಾಗಿ ಹನ್ನೊಂದು ವರ್ಷ ಕೋರ್ಟಿಗೆ ಅಲೆದರು. ಬಾಂದುಕಲ್ಲು ಯಾವಾಗ ಸರಿಯಿತು, ಯಾರು ಸರಿಸಿದರು, ಇವತ್ತಿಗೂ ಗೊತ್ತಿಲ್ಲ. ಒಂದು ಉಳುಮೆಗೆ ಒಂದು ಗೇಣು ಒತ್ತಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಇಪ್ಪತ್ತು ವರ್ಷ ಬಿಟ್ಟು ನೋಡಿದರೆ ಬದು ಎಲ್ಲೋ ಹೋಗಿರುತ್ತದೆ. ಅಷ್ಟು ಹೊತ್ತಿಗೆ ಎರಡು ಮನೆಯವರು ಒಬ್ಬರ ಮದುವೆಗೆ ಇನ್ನೊಬ್ಬರು ಹೋಗುವುದು ನಿಂತಿರುತ್ತದೆ.

ಈ ನೋವು ಮನಸ್ಸಿನಲ್ಲಿ ಇದ್ದುದರಿಂದಲೇ ಇರಬೇಕು, ಇಂಗ್ಲೆಂಡಿನಲ್ಲಿ ಮಗಳ ಮನೆಗೆ ಹೋದಾಗ ಅವಳು "ಅಪ್ಪಾ, ಎಲ್ಲಿಗೆ ಹೋಗೋಣ?" ಅಂತ ಕೇಳಿದರೆ ನಾನು ಲಂಡನ್ ಅನ್ನಲಿಲ್ಲ, ಲ್ಯಾಕ್ಸ್‌ಟನ್ ಅಂದೆ. ಅವಳು ಆ ಹೆಸರೇ ಕೇಳಿರಲಿಲ್ಲ.

ನಾಟಿಂಗ್‌ಹ್ಯಾಮ್‌ಶೈರ್ ಅನ್ನುವ ಜಿಲ್ಲೆಯಲ್ಲಿ, ಶೆರ್ವುಡ್ ಕಾಡಿಗೆ ಪೂರ್ವದಲ್ಲಿ ಇರುವ ಒಂದು ಪುಟ್ಟ ಊರು ಇದು. ಕೆಲವೇ ನೂರು ಜನ. 1086ರಲ್ಲಿ ಅಲ್ಲಿನ ರಾಜ ಇಡೀ ದೇಶದ ಜಮೀನಿನ ಲೆಕ್ಕ ಬರೆಸಿದ ಡೂಮ್ಸ್‌ಡೇ ಪುಸ್ತಕದಲ್ಲೂ ಇದರ ಹೆಸರು ಇದೆ. ಊರೊಳಗೆ ಕಾಲಿಟ್ಟ ತಕ್ಷಣ ನನಗೆ ಹತ್ತಿರ ಅನ್ನಿಸಿದ್ದು ಮನೆಗಳು. ಇಂಗ್ಲೆಂಡಿನ ಬಹಳಷ್ಟು ಕಡೆ ರೈತರ ಮನೆ ಹೊಲದ ನಡುವೆ ಒಂಟಿಯಾಗಿ ನಿಂತಿರುತ್ತದೆ. ಇಲ್ಲಿ ಹಾಗಲ್ಲ. ಕೆಂಪು ಇಟ್ಟಿಗೆಯ, ಹೆಂಚಿನ ಮನೆಗಳು ಊರ ಬೀದಿಯಲ್ಲೇ ಒಟ್ಟಿಗೆ ಇವೆ, ಎಷ್ಟೋ ಮನೆಗಳು ಅಡ್ಡಗೋಡೆಯನ್ನು ರಸ್ತೆಗೆ ಕೊಟ್ಟು ನಿಂತಿವೆ, ಪಕ್ಕದಲ್ಲಿ ಅಂಗಳ, ಹಿಂದೆ ಉದ್ದಕ್ಕೆ ಹಿತ್ತಿಲು. ಊರು ನಡುವೆ, ಹೊಲ ಸುತ್ತಲೂ. ನಮ್ಮ ಬಯಲುಸೀಮೆಯ ಹಳ್ಳಿಗಳ ಹಾಗೇ ಅಲ್ವಾ?

ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಹೊಲಕ್ಕೆ ಹೋಗಬೇಕು.

ಲ್ಯಾಕ್ಸ್‌ಟನ್ ಸುತ್ತ ಮೂರು ದೊಡ್ಡ ಬಯಲುಗಳಿವೆ: ವೆಸ್ಟ್ ಫೀಲ್ಡ್, ಮಿಲ್ ಫೀಲ್ಡ್, ಸೌತ್ ಫೀಲ್ಡ್. ಒಳಗೆ ಬೇಲಿ ಇಲ್ಲ, ಗೋಡೆ ಇಲ್ಲ. ಒಂದೊಂದು ಬಯಲೂ ಉದ್ದುದ್ದ ಪಟ್ಟಿಗಳಾಗಿ ಹಂಚಿಹೋಗಿದೆ. ಒಬ್ಬ ರೈತನ ಜಮೀನು ಒಂದೇ ಕಡೆ ಇರುವುದಿಲ್ಲ, ಇಲ್ಲೊಂದು ಪಟ್ಟಿ, ಅಲ್ಲೊಂದು ಪಟ್ಟಿ, ಮೂರೂ ಬಯಲುಗಳಲ್ಲಿ ಹರಡಿರುತ್ತದೆ. ಒಳ್ಳೆ ಮಣ್ಣೂ ಎಲ್ಲರಿಗೆ, ನೀರು ನಿಲ್ಲುವ ಜಾಗವೂ ಎಲ್ಲರಿಗೆ. ಹೊಲ ಮೂರು ದಿಕ್ಕಿಗೆ ಇರುವಾಗ ಮನೆ ನಡುವೆ ಇರುವುದೇ ಅನುಕೂಲ. ಬೆಳೆಯೂ ಸರದಿಯ ಪ್ರಕಾರ. ಒಂದು ಬಯಲಿನಲ್ಲಿ ಚಳಿಗಾಲಕ್ಕೆ ಮುಂಚೆ ಬಿತ್ತುವ ಗೋಧಿ, ಇನ್ನೊಂದರಲ್ಲಿ ವಸಂತದಲ್ಲಿ ಬಿತ್ತುವ ಬೆಳೆ, ಮೂರನೆಯದಕ್ಕೆ ಬಿಡುವು. ಮೊದಲು ಅದನ್ನು ಸುಮ್ನೆ ಬೀಳು ಬಿಡುತ್ತಿದ್ದರು, ಈಗ ಹುಲ್ಲು, ಮೇವು ಬೆಳೆಯುತ್ತಾರೆ. ನನ್ನ ಪಟ್ಟಿಯಲ್ಲಿ ನನಗಿಷ್ಟ ಬಂದದ್ದು ಬಿತ್ತುತ್ತೇನೆ ಅನ್ನುವ ಹಾಗಿಲ್ಲ. ಆ ವರ್ಷ ಆ ಬಯಲಿಗೆ ಏನು ಸರದಿಯೋ ಅದೇ.

ಈ ಪಟ್ಟಿಗಳ ಆಕಾರದ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಅದು ನಮ್ಮ ಪಹಣಿಯೊಳಗೂ ಬಂದು ಕೂತಿದೆ. ನಾವು ಫರ್ಲಾಂಗು ಅಂತೀವಲ್ಲ, ಅದು ಇಂಥ ಹೊಲದಿಂದ ಬಂದ ಮಾತು. ಇಂಗ್ಲಿಷಿನಲ್ಲಿ ಅದರ ಮೂಲ ಅರ್ಥ 'ನೇಗಿಲ ಸಾಲಿನ ಉದ್ದ'. ಎತ್ತುಗಳು ಒಂದೇ ದಮ್ಮಿಗೆ ಎಳೆದುಕೊಂಡು ಹೋಗಿ ಉಸಿರು ತೆಗೆದುಕೊಳ್ಳುವ ದೂರ, 660 ಅಡಿ. ಅದಕ್ಕೆ ಒಂದು ಚೈನು, ಅಂದರೆ 66 ಅಡಿ ಅಗಲ ಸೇರಿಸಿದರೆ ಒಂದು ಎಕರೆ. ನಮ್ಮ ಗುಂಟೆ 33 ಅಡಿಗೆ 33 ಅಡಿ. ಉದ್ದಕ್ಕೆ ಇಪ್ಪತ್ತು ಗುಂಟೆ, ಅಗಲಕ್ಕೆ ಎರಡು, ಲೆಕ್ಕ ಹಾಕಿ, ಸರಿಯಾಗಿ 40. ನಮ್ಮ ತಂದೆ ಜಗಳವಾಡಿದ ಆ ಒಂದೂವರೆ ಗುಂಟೆಯ ಲೆಕ್ಕದ ಹಿಂದೆ ಎಲ್ಲೋ ಇಂಗ್ಲೆಂಡಿನ ಎತ್ತುಗಳ ದಮ್ಮು ಇದೆ ಅಂತ ಗೊತ್ತಾದಾಗ ನನಗೆ ಮೈ ಜುಮ್ ಅಂದಿತ್ತು.

ಒಂದು ಕಾಲದಲ್ಲಿ ನಡು ಇಂಗ್ಲೆಂಡಿನ ಹೆಚ್ಚಿನ ಊರುಗಳು ಹೀಗೇ ಇದ್ದವು. ಆಮೇಲೆ ಬೇಲಿ ಬಂತು. ಹಂಚಿಹೋದ ಪಟ್ಟಿಗಳನ್ನು ಒಟ್ಟುಗೂಡಿಸಿ, ಊರಿನ ಗೋಮಾಳವನ್ನೂ ಸೇರಿಸಿ, ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟು ಸುತ್ತ ಬೇಲಿ ಹಾಕಿದರು. 1604ರಿಂದ 1914ರವರೆಗೆ ಅಲ್ಲಿನ ಸಂಸತ್ತು ಇದಕ್ಕಾಗಿಯೇ 5,200ಕ್ಕೂ ಹೆಚ್ಚು ಕಾಯ್ದೆ ಮಾಡಿತು. ಒಟ್ಟು 68 ಲಕ್ಷ ಎಕರೆ, ಅಂದರೆ ಇಂಗ್ಲೆಂಡಿನ ಐದನೇ ಒಂದು ಭಾಗ. ಇಳುವರಿ ಹೆಚ್ಚಿತು, ನಿಜ. ಆದರೆ ಗೋಮಾಳದಲ್ಲಿ ಒಂದು ಹಸು ಮೇಯಿಸಿಕೊಂಡು ಬದುಕುತ್ತಿದ್ದವನಿಗೆ ಏನೂ ಉಳಿಯಲಿಲ್ಲ. ಲ್ಯಾಕ್ಸ್‌ಟನ್‌ನಲ್ಲೂ ಸ್ವಲ್ಪ ಭಾಗಕ್ಕೆ ಬೇಲಿ ಬಿತ್ತು, 20ನೇ ಶತಮಾನದ ಆರಂಭದಲ್ಲಿ ಸಣ್ಣ ಪಟ್ಟಿಗಳನ್ನು ಕೂಡಿಸಿ ಅಗಲ ಮಾಡಿದರು. ಆದರೂ ಮೂರು ಬಯಲು ಉಳಿದವು. 19ನೇ ಶತಮಾನದಲ್ಲಿ ಊರಿನ ಇಬ್ಬರು ದೊಡ್ಡ ಜಮೀನ್ದಾರರ ನಡುವೆ ಒಮ್ಮತ ಬರಲಿಲ್ಲ ಅನ್ನುವುದು ಒಂದು ಕಾರಣ.

ಈಗ ನಕ್ಷೆಗೆ ಬರೋಣ. 1635ರಲ್ಲಿ ಮಾರ್ಕ್ ಪಿಯರ್ಸ್ ಅನ್ನುವ ಸರ್ವೆಯರ್ ಇಡೀ ಊರನ್ನು ಅಳೆದು ಒಂದು ದೊಡ್ಡ ನಕ್ಷೆ ಬರೆದ. ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ ಅದು ಇದೆ. ಸಾವಿರಾರು ಪಟ್ಟಿಗಳು, ಯಾವುದು ಯಾರದು, ಎಷ್ಟು ವಿಸ್ತೀರ್ಣ, ಎಲ್ಲಕ್ಕೂ ಜೊತೆಗೊಂದು ಲೆಕ್ಕದ ಪುಸ್ತಕ. ಬರೆಸಿದವನು ಆಗಿನ ಜಮೀನ್ದಾರ ಸರ್ ವಿಲಿಯಂ ಕೋರ್ಟೀನ್, ಲಂಡನ್ನಿನ ವ್ಯಾಪಾರಿ. ಈ ಹೆಸರು ನಮ್ಮ ಕರಾವಳಿಯ ಚರಿತ್ರೆ ಓದಿದವರಿಗೆ ಗೊತ್ತಿರಬೇಕು. ಅದೇ 1635ರಲ್ಲಿ ಅವನು ಈಸ್ಟ್ ಇಂಡಿಯಾ ಕಂಪನಿಗೆ ಎದುರಾಗಿ ನಮ್ಮ ಕಡೆ ವ್ಯಾಪಾರ ಮಾಡಲು ರಾಜನಿಂದ ಅಪ್ಪಣೆ ಪಡೆದ. ಮುಂದಿನ ವರ್ಷ ಸತ್ತ, ಆದರೆ ಹಡಗುಗಳು ಹೊರಟಿದ್ದವು. 1637ರ ಹೊತ್ತಿಗೆ ಅವನ ಗುಂಪಿನವರು ಭಟ್ಕಳಕ್ಕೆ ಬಂದು ಕೋಠಿ ತೆರೆದರು, ಅವರಲ್ಲಿದ್ದ ಪೀಟರ್ ಮಂಡಿ ಘಟ್ಟ ಹತ್ತಿ ಇಕ್ಕೇರಿಗೆ ಹೋಗಿ ವೀರಭದ್ರ ನಾಯಕನ ಆಸ್ಥಾನ ನೋಡಿ ಬರೆದಿಟ್ಟ. ಎಲ್ಲಾ ಕಾಳುಮೆಣಸಿಗಾಗಿ. ಒಂದು ಕೈಯಲ್ಲಿ ಲ್ಯಾಕ್ಸ್‌ಟನ್‌ನ ಪಟ್ಟಿಗಳ ಲೆಕ್ಕ, ಇನ್ನೊಂದು ಕೈಯಲ್ಲಿ ಮಲೆನಾಡಿನ ಮೆಣಸಿನ ಲೆಕ್ಕ. ನಾನು ಆ ಊರಿನ ಹೊಲದಲ್ಲಿ ನಿಂತು ಮಗಳಿಗೆ ಇಕ್ಕೇರಿಯ ಕತೆ ಹೇಳುತ್ತಿದ್ದೆ.

ಸರಿ, ಬದುವಿಗೆ ಬರೋಣ. ನಾನು ಹೋದದ್ದು ಅದಕ್ಕೇ.

ಪ್ರತಿ ವರ್ಷ ನವೆಂಬರ್ ಕೊನೆಗೆ, ಗೋಧಿಯ ಮೊಳಕೆ ಮೇಲೆದ್ದು ಹೊಲ ತೆಳು ಹಸಿರಾದಾಗ, ಊರಿನ ಹನ್ನೆರಡು ಜನ ಜ್ಯೂರಿ ಅಂತ ಸೇರುತ್ತಾರೆ. ಅವರಿಗೊಬ್ಬ ಮುಖಂಡ. ಎಲ್ಲರೂ ಅಲ್ಲೇ ಉಳುವವರು, ಅಲ್ಲಿನ ಮಣ್ಣು ಬಲ್ಲವರು. ಟ್ರ್ಯಾಕ್ಟರಿನ ಟ್ರೈಲರ್ ಹತ್ತಿ, ಆ ವರ್ಷ ಗೋಧಿ ಬಿತ್ತಿರುವ ಬಯಲಿಗೆ ಹೋಗುತ್ತಾರೆ. ಪಟ್ಟಿ ಪಟ್ಟಿಯ ತುದಿಗೂ ಇಳಿದು ನೋಡುತ್ತಾರೆ. ದಾರಿಯನ್ನು ಯಾರಾದರೂ ಒತ್ತಿ ಉತ್ತಿದ್ದಾರಾ? ಹುಲ್ಲಿನ ಜಾಗಕ್ಕೆ ನೇಗಿಲು ನುಗ್ಗಿದೆಯಾ? ಚರಂಡಿ ತೆಗೆದಿದ್ದಾರಾ? ಎಲ್ಲೆ ಎಲ್ಲಿರಬೇಕೋ ಅಲ್ಲಿ ಮರದ ಗೂಟ ಹೊಡೆಯುತ್ತಾರೆ. ಒತ್ತಿದವನ ಹೆಸರು ಬರೆದುಕೊಳ್ಳುತ್ತಾರೆ. ಅವನೂ ಅದೇ ಟ್ರೈಲರಿನಲ್ಲಿ ಇರಬಹುದು! ಆಮೇಲೆ ಊರಿನ ಡವ್‌ಕೋಟ್ ಇನ್ ಅನ್ನುವ ಪಬ್ಬಿಗೆ ಬಂದು ಎಲ್ಲರೂ ಒಟ್ಟಿಗೆ ಊಟ ಮಾಡುತ್ತಾರೆ.

ಒಂದು ವಾರ ಬಿಟ್ಟು ಅದೇ ಪಬ್ಬಿನಲ್ಲಿ ಕೋರ್ಟ್. ಕೋರ್ಟ್ ಲೀಟ್ ಅಂತಾರೆ. ಜಮೀನ್ದಾರರ ಪರವಾಗಿ ಸ್ಟುವರ್ಡ್ ಕೂರುತ್ತಾನೆ. ಹೆಸರು ಕೂಗುತ್ತಾರೆ, ಬಾರದವನಿಗೆ ಸಣ್ಣ ದಂಡ. ಜ್ಯೂರಿಯವರು ಬರೆದುಕೊಂಡದ್ದನ್ನು ಓದುತ್ತಾರೆ, ಒತ್ತಿದವನಿಗೆ ದಂಡ. ಮುಂದಿನ ವರ್ಷದ ಜ್ಯೂರಿಯನ್ನೂ ಅಲ್ಲೇ ನೇಮಿಸುತ್ತಾರೆ. ಇದು ಪ್ರವಾಸಿಗರಿಗೆ ತೋರಿಸುವ ಆಟ ಅಂದುಕೊಳ್ಳಬೇಡಿ. 1977ರಲ್ಲಿ ದೇಶದ ಹಳೆಯ ಊರ ಕೋರ್ಟುಗಳ ಅಧಿಕಾರ ತೆಗೆದಾಗಲೂ ಲ್ಯಾಕ್ಸ್‌ಟನ್ ತನ್ನ ಹೊಲದ ವ್ಯವಹಾರ ನಡೆಸಿಕೊಂಡು ಹೋಗಲು ಕಾನೂನು ಅವಕಾಶ ಇಟ್ಟಿತು.

ನಾನು ಹೋದದ್ದು ಜುಲೈನಲ್ಲಿ, ಜ್ಯೂರಿ ನೋಡಲು ಸಿಗಲಿಲ್ಲ. ಆದರೆ ಹೊಲದ ದಾರಿಯ ಅಂಚಿನಲ್ಲಿ ಒಂದು ಗೂಟ ಸಿಕ್ಕಿತು. ಗೇಣುದ್ದ ಮೇಲೆ ಕಾಣುತ್ತಿತ್ತು, ಬಿಸಿಲು ಮಳೆಗೆ ಬೂದಿ ಬಣ್ಣಕ್ಕೆ ತಿರುಗಿತ್ತು, ಏಟು ಬಿದ್ದು ತಲೆ ಅಣಬೆಯ ಹಾಗೆ ಹರಡಿತ್ತು. ಈ ಕಡೆ ಒಬ್ಬರ ಗೋಧಿ, ಆ ಕಡೆ ಇನ್ನೊಬ್ಬರದು, ತೆನೆಗೂ ತೆನೆಗೂ ತಾಗುತ್ತಿತ್ತು. ಕಲ್ಲಿಲ್ಲ, ತಂತಿ ಇಲ್ಲ. ನಾನು ಬಗ್ಗಿ ಅದರ ಮೇಲೆ ಕೈ ಇಟ್ಟೆ. ಅಪ್ಪನ ನೆನಪಾಗಿ ಕಣ್ಣು ತುಂಬಿತು. ಮೂರು ವರ್ಷಕ್ಕೊಮ್ಮೆ ಆ ಬಯಲಿಗೆ ಗೋಧಿಯ ಸರದಿ ಬರುತ್ತದೆ, ಆಗ ಜ್ಯೂರಿ ಬರುತ್ತದೆ, ಗೂಟ ಹೊಸದಾಗುತ್ತದೆ. ಅಂದರೆ ಒಂದು ತಪ್ಪು ಮೂರು ವರ್ಷಕ್ಕಿಂತ ಹಳೆಯದಾಗಲು ಅಲ್ಲಿ ಅವಕಾಶವೇ ಇಲ್ಲ. ನಮ್ಮದು ಇಪ್ಪತ್ತು ವರ್ಷ ಹಳೆಯದಾಗಿತ್ತು.

ಬಯಲುಗಳ ನಡುವೆ ತಗ್ಗಿನಲ್ಲಿ ನೇಗಿಲು ಓಡಿಸಲಾಗದ ಹುಲ್ಲಿನ ಪಟ್ಟಿಗಳಿವೆ, ಅವಕ್ಕೆ ಸೈಕ್ ಅಂತಾರೆ. ಅದು ಯಾರೊಬ್ಬರದೂ ಅಲ್ಲ. ಬೇಸಿಗೆಯಲ್ಲಿ ಅದರ ಹುಲ್ಲು ಹರಾಜಾಗುತ್ತದೆ, ನಮ್ಮಲ್ಲಿ ಕೆರೆ ಅಂಗಳದ ಹುಲ್ಲು ಹರಾಜು ಹಾಕುತ್ತಿದ್ದ ಹಾಗೆ. ಎಂದೂ ಉಳದ ನೆಲವಾದ್ದರಿಂದ ಕಾಡುಹೂಗಳು ದಂಡಿಯಾಗಿ ಬೆಳೆಯುತ್ತವೆ, ಸರ್ಕಾರ ಅದನ್ನು ರಕ್ಷಿತ ಜಾಗ ಅಂತ ಗುರುತಿಸಿದೆ. ಪಬ್ಬಿನ ಹತ್ತಿರವೇ ದನದ ದೊಡ್ಡಿ ಇದೆ. ಹೌದು, ದೊಡ್ಡಿ! ತಪ್ಪಿಸಿಕೊಂಡು ಬೆಳೆಗೆ ನುಗ್ಗಿದ ದನವನ್ನು ಕೂಡಿಹಾಕುತ್ತಿದ್ದ ಜಾಗ. ಅದನ್ನು ನೋಡಿಕೊಳ್ಳುವವನಿಗೆ ಪಿಂಡರ್ ಅಂತ ಹೆಸರು.

ಊರಿನ ಉತ್ತರಕ್ಕೆ ನಾರ್ಮನ್ನರ ಕಾಲದ ಕೋಟೆಯ ಮಣ್ಣಿನ ದಿಬ್ಬ ಇದೆ, ಈಗ ಬರೀ ಹುಲ್ಲು. ಸೇಂಟ್ ಮೈಕೇಲ್ ಚರ್ಚ್ ನೋಡಲೇಬೇಕು. ಅಲ್ಲಿ ಹಳೆಯ ಒಡೆಯರಾದ ಎವರಿಂಗ್‌ಹ್ಯಾಮ್ ಮನೆತನದವರ ಮಲಗಿದ ಶಿಲ್ಪಗಳಿವೆ. ಅವುಗಳಲ್ಲಿ ಒಬ್ಬ ಹೆಂಗಸಿನದು ಓಕ್ ಮರದ್ದು, 14ನೇ ಶತಮಾನದ್ದು. ಕಲ್ಲಿನವರ ಪಕ್ಕದಲ್ಲಿ ಮರದವಳು ಇಷ್ಟು ಕಾಲ ಉಳಿದಿದ್ದಾಳೆ.

ಒಡೆಯರು ಬದಲಾಗುತ್ತಲೇ ಇದ್ದಾರೆ. ಅರ್ಲ್ ಮ್ಯಾನ್ವರ್ಸ್ ಮನೆತನದವರು 1952ರಲ್ಲಿ ಊರನ್ನು ಕೃಷಿ ಇಲಾಖೆಗೆ ಮಾರಿದರು. ಬೇರೆ ಯಾರಿಗೋ ಹೋಗಿದ್ದರೆ ಪಟ್ಟಿಗಳು ಆಗಲೇ ಮುಗಿಯುತ್ತಿದ್ದವೇನೋ. 1981ರಲ್ಲಿ ರಾಜಮನೆತನದ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟ್‌ಗೆ ಬಂತು. 2020ರಲ್ಲಿ ಮತ್ತೆ ಆ ಹಳೆಯ ಮನೆತನದ ಥೋರ್ಸ್‌ಬಿ ಎಸ್ಟೇಟೇ ಕೊಂಡುಕೊಂಡಿತು. ನನಗೆ ಚಿಂತೆ ಇರುವುದು ಒಡೆಯರ ಬಗ್ಗೆ ಅಲ್ಲ, ಉಳುವವರ ಬಗ್ಗೆ. ಈಗಿನ ದೊಡ್ಡ ಯಂತ್ರಗಳಿಗೆ ಪಟ್ಟಿ ಹೊಲ ಕಷ್ಟ. ಜ್ಯೂರಿಗೆ ಹನ್ನೆರಡು ಜನ ಬೇಕು, ಹೊಲ ಬಲ್ಲ ಹನ್ನೆರಡು ಜನ. ನಮ್ಮೂರಿನಲ್ಲಿ ಇವತ್ತು ಅಂಥ ಹನ್ನೆರಡು ಜನ ಸಿಗುತ್ತಾರಾ ಅಂತ ವಾಪಸ್ ಬರುವಾಗ ಹೆಸರು ಎಣಿಸಿದೆ. ಎಂಟಕ್ಕೆ ನಿಂತಿತು. ಆ ಎಂಟರಲ್ಲಿ ನಮ್ಮ ಪಕ್ಕದ ಹೊಲದವರ ಮಗನೂ ಒಬ್ಬ.

ಆ ನಕ್ಷೆಯ ಚಿತ್ರ ಪ್ರಿಂಟ್ ಹಾಕಿಸಿ ತಂದಿದ್ದೇನೆ, ಕೈಯಿಂದ ಕೈಗೆ ದಾಟಿಸಿ, ಹಿಂದಿನ ಸಾಲಿನವರಿಗೂ ಸಿಗಲಿ. ಕಣ್ಣು ಹತ್ತಿರ ಇಟ್ಟು ನೋಡಿ, ಪಟ್ಟಿಗಳ ನಡುವೆ ಪುಟ್ಟ ಪುಟ್ಟ ಜನ ಉಳುತ್ತಿದ್ದಾರೆ, ಕುಯ್ಯುತ್ತಿದ್ದಾರೆ. ನೋಡುತ್ತಾ ಪ್ರಶ್ನೆ ಕೇಳಿ.