ಒಂದೇ ತಟ್ಟೆ, ಎರಡು ಚಮಚ

ಕೇಳುಗರಿಗೆಲ್ಲ ನಮಸ್ಕಾರ.

ಡಿಸೆಂಬರ್ ಬಂತೆಂದರೆ ನಮ್ಮ ಯಜಮಾನರು ತರಕಾರಿ ಗಾಡಿಯ ಮುಂದೆ ನಿಂತುಬಿಡುತ್ತಾರೆ. ಒಂದು ಅವರೆಕಾಯಿ ಎತ್ತಿ ಮೂಗಿಗೆ ಹಿಡಿಯುತ್ತಾರೆ. "ಸೊಗಡಿಲ್ಲ" ಅಂತ ಕೆಳಗಿಡುತ್ತಾರೆ. ಇನ್ನೊಂದು ಎತ್ತುತ್ತಾರೆ. ಅವರು ಚಿಂತಾಮಣಿ ಕಡೆಯವರು. ನಾನು ಉಡುಪಿಯವಳು. ನಮಗೆ ಅಲಸಂಡೆ ಗೊತ್ತು, ಹಲಸಿನ ಬೀಜ ಗೊತ್ತು. ಇಬ್ಬನಿ ಬಿದ್ದಷ್ಟೂ ಅವರೆಗೆ ಸೊಗಡು ಜಾಸ್ತಿ ಅನ್ನುವುದೆಲ್ಲ ನಾನು ಕಲಿತದ್ದು ಮದುವೆಯಾದ ಮೇಲೆ. ನಿಜ ಹೇಳಬೇಕೆಂದರೆ, ಕೈಗೆ ಅಂಟುವ ಆ ವಾಸನೆ ಮೊದಮೊದಲು ನನಗೆ ಹಿಡಿಸಲೇ ಇಲ್ಲ.

ನನ್ನನ್ನು ದಾರಿಗೆ ತರಲು ಅವರು ಕರೆದುಕೊಂಡು ಹೋದದ್ದು ಅವರೆಬೇಳೆ ಮೇಳಕ್ಕೆ. ಆಗ ಅದು ನಡೆಯುತ್ತಿದ್ದುದು ಬೆಂಗಳೂರಿನ ವಿಶ್ವೇಶ್ವರಪುರದಲ್ಲಿ, ಸಜ್ಜನ್ ರಾವ್ ವೃತ್ತದ ಪಕ್ಕದ ತಿಂಡಿಬೀದಿಯಲ್ಲಿ. 2023ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನಕ್ಕೆ ಹೋಯಿತು. ಮೈದಾನದಲ್ಲಿ ಕಾಲಾಡಿಸಲು ಜಾಗ ಉಂಟು, ಒಪ್ಪುತ್ತೇನೆ. ಆದರೂ ಆ ಇಕ್ಕಟ್ಟಿನ ಬೀದಿಯಲ್ಲಿ, ಕಾವಲಿಯ ಹೊಗೆಯಲ್ಲಿ, ಯಾರದೋ ಮೊಣಕೈ ತಾಗಿಸಿಕೊಂಡು ತಿನ್ನುವ ಮಜಾ ಬೇರೆಯೇ ಅಲ್ವಾ?

ಮೊದಲ ವರ್ಷ ಒಂದು ತಪ್ಪು ಮಾಡಿದೆವು. ಹೋದ ಕೂಡಲೇ ಆಳಿಗೊಂದು ಅವರೆಬೇಳೆ ದೋಸೆ ತಿಂದೆವು, ಮೇಲೆ ಒಂದೊಂದು ತಟ್ಟೆ ಉಪ್ಪಿಟ್ಟು. ಅಲ್ಲಿಗೆ ಮುಗಿಯಿತು. ಅವರೆ ಹಗುರದ ಕಾಳಲ್ಲ. ಹೊಟ್ಟೆ ಬಿಗಿದುಕೊಂಡು ಉಳಿದ ಮಳಿಗೆಗಳನ್ನು ಸುಮ್ನೆ ನೋಡಿಕೊಂಡು ಬಂದೆವು. ಮರುವರ್ಷದಿಂದ ಒಂದೇ ತಟ್ಟೆ, ಎರಡು ಚಮಚ. ಒಬ್ಬರು ದುಡ್ಡು ಕೊಡುವ ಸಾಲಿನಲ್ಲಿ, ಇನ್ನೊಬ್ಬರು ತಿಂಡಿಯ ಸಾಲಿನಲ್ಲಿ. ರೊಟ್ಟಿ, ವಡೆ, ಹಿತಕಿದ ಬೇಳೆ ಸಾರು, ಹೋಳಿಗೆ, ಎಲ್ಲವೂ ಎರಡೆರಡು ತುತ್ತು.

ಆದರೆ ಒಂದೇ ತಟ್ಟೆಯಲ್ಲಿ ತಿಂದರೆ ಜಗಳವೂ ಅಲ್ಲೇ. ಅವರೆಬೇಳೆ ಜಿಲೇಬಿ ಕಂಡರೆ ನಮ್ಮವರಿಗೆ ಆಗುವುದಿಲ್ಲ. "ಅವರೆಗೆ ಸಕ್ಕರೆ ಪಾಕ ಯಾಕೆ? ಒಗ್ಗರಣೆ ಸಾಕು" ಅಂತ ಅವರ ವಾದ. ನನಗೋ ಅದೇ ಇಷ್ಟ. ಬೇಡ ಬೇಡ ಅನ್ನುತ್ತಲೇ ಮುಕ್ಕಾಲು ಜಿಲೇಬಿ ಅವರೇ ಮುಗಿಸಿದರು. "ರುಚಿ ನೋಡಿದೆ ಅಷ್ಟೇ" ಅಂದರು.

ಸಾಲಿನಲ್ಲಿ ನಿಂತಾಗಲೆಲ್ಲ ಅವರಿಂದ ಆ ಹಳೆಯ ಕಥೆ ಬರುತ್ತದೆ. ಹಸಿದ ಬಲ್ಲಾಳ ರಾಜನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳಂತೆ, ಊರು ಬೆಂದಕಾಳೂರು ಆಯಿತಂತೆ. "ರೀ, ಬೇಗೂರಿನ ಶಾಸನದಲ್ಲಿ ಬೆಂಗಳೂರು ಅನ್ನೋ ಹೆಸರು ಸುಮಾರು 890ರಲ್ಲೇ ಇದೆ. ನಿಮ್ಮ ಬಲ್ಲಾಳ ಹುಟ್ಟಿದ್ದು ಅದಕ್ಕಿಂತ ಎಷ್ಟೋ ಆಮೇಲೆ" ಅಂದೆ. ಅವರು ಒಂದು ಕ್ಷಣ ಯೋಚಿಸಿದರು. "ಸರಿ, ಆದ್ರೆ ಕಾಳು ಅವರೆಕಾಳೇ" ಅಂದರು.

ನಾನು ಈ ಕಾಳಿಗೆ ಸೋತದ್ದು ಮಾತ್ರ ಹಿತಕಿದ ಬೇಳೆಯಿಂದ. ಕಾಳನ್ನು ರಾತ್ರಿ ನೀರಿಗೆ ಹಾಕಿ, ಬೆಳಗ್ಗೆ ಒಂದೊಂದನ್ನೇ ಹೆಬ್ಬೆರಳು, ತೋರುಬೆರಳ ನಡುವೆ ಹಿತಕಬೇಕು. ಬೇಳೆ ಚಿಮ್ಮಿ ಬರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಒಂದು ಪಾತ್ರೆ ಸಾರಿಗೆ ಎಷ್ಟು ಸಾವಿರ ಸಲ ಹಿತಕಬೇಕು, ನೀವೇ ಲೆಕ್ಕ ಹಾಕಿ! ಮೇಳದಲ್ಲಿ ಹಿತಕಿದ್ದೇ ಸಿಗುತ್ತದೆ. ಆದರೂ ನಾವು ಬರುವಾಗ ಕಾಯಿಯನ್ನೇ ಚೀಲ ತುಂಬಿಸಿಕೊಂಡು ಬರುತ್ತೇವೆ.

ಮರುದಿನ ಅತ್ತೆಯ ಮುಂದೆ ಇಬ್ಬರೂ ಬೋಗುಣಿ ಇಟ್ಟುಕೊಂಡು ಕೂರುತ್ತೇವೆ. ನಾನು ಹಿತಕಿದ ಬೇಳೆ ನೇರ ಬೋಗುಣಿಗೆ ಬೀಳುತ್ತದೆ. ನಮ್ಮವರದ್ದು ಈಗಲೂ ಟಿವಿಯವರೆಗೆ ಹಾರುತ್ತದೆ. ಅತ್ತೆ ಕನ್ನಡಕ ಸರಿಮಾಡಿಕೊಂಡು ಕೇಳುತ್ತಾರೆ: "ನಿಮ್ಮಿಬ್ಬರಲ್ಲಿ ಚಿಂತಾಮಣಿಯವರು ಯಾರು?"

ನಮಸ್ಕಾರ.